ಬೋಟ್ ಬರೋದಕ್ಕೂ ಮುಂಚೆ: ನೆರೆ, ಗುಡ್ಡ ಕುಸಿತದಲ್ಲಿ ಜನ ಉಳಿಯೋದು ಹೇಗೆ

ಮಳೆಗಾಲ ಜೋರಾದ್ರೆ ಟಿವಿಯಲ್ಲಿ ಒಂದೇ ಥರದ ದೃಶ್ಯ ಬರುತ್ತೆ, ಕಿತ್ತಳೆ ಬಣ್ಣದ ಡ್ರೆಸ್ ಹಾಕಿರೋ ಎನ್‌ಡಿಆರ್‌ಎಫ್‌ನವರು, ರಬ್ಬರ್ ಬೋಟು, ಹೆಲಿಕಾಪ್ಟರ್‌ನಿಂದ ಹಗ್ಗ, ಅದರಲ್ಲಿ ನೇತಾಡ್ತಾ ಮೇಲೆ ಹೋಗೋ ಅಜ್ಜಿ. ನೋಡಿದ್ರೆ ರಕ್ಷಣೆ ಅಂದ್ರೆ ಇದೇ ಅನ್ಸುತ್ತೆ. ಆ ಹುಡುಗರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಬೋಟ್ ಕರೆಸೋ ಹೊತ್ತಿಗೆ ಕೆಲಸ ಅರ್ಧ ಕೆಟ್ಟಿರುತ್ತೆ. ನೆರೆಯಲ್ಲಾದ್ರೂ ಮಾಳಿಗೆ ಮೇಲೆ ಹತ್ತಿ ಕೂತವರನ್ನ ಇಳಿಸ್ಕೊಂಡು ಬರಬಹುದು, ಗುಡ್ಡ ಕುಸಿದ್ರೆ ಮಣ್ಣಿನಡಿ ಸಿಕ್ಕವರು ಜೀವಂತ ಬರೋದು ತೀರಾ ಅಪರೂಪ. ಅಂಕೋಲಾ ಹತ್ರ ಶಿರೂರಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಜರಿದು ಹೆದ್ದಾರಿ ಮೇಲೆ ಬಿದ್ದಾಗ 11 ಜನ ಹೋದ್ರು, ನದಿಯೊಳಗೆ ಬಿದ್ದಿದ್ದ ಒಂದು ಲಾರಿಯನ್ನ ಡ್ರೆಡ್ಜರ್ ತರಿಸಿ ಹೊರಗೆ ತೆಗೆಯೋಕೆ ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯ್ತು. ಸೇನೆ, ನೌಕಾಪಡೆ, ಮುಳುಗು ತಜ್ಞರು ಎಲ್ಲರೂ ಬಂದಿದ್ರು. ಒಬ್ಬರನ್ನೂ ಜೀವಂತ ತರೋಕಾಗ್ಲಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಎಷ್ಟು ಬೋಟ್ ಇದೆ ಅನ್ನೋದಲ್ಲ, ಎಷ್ಟು ಟೈಮ್ ಇದೆ, ಆ ಟೈಮನ್ನ ಯಾರು ಹೇಗೆ ಬಳಸ್ತಾರೆ ಅನ್ನೋದು. ನಾನು ಇದನ್ನ ಮೂರು ಥರ ನೋಡ್ತೀನಿ: ದಿನಗಟ್ಟಲೆ ಟೈಮ್ ಕೊಡೋ ನದಿ, ಕೆಲವೇ ಗಂಟೆ ಕೊಡೋ ಬೆಟ್ಟ, ಏನೂ ಕೊಡದ ರಸ್ತೆ ಬದಿಯ ಧರೆ, ಅಂದ್ರೆ ಗುಡ್ಡ ಕಡಿದು ಬಿಟ್ಟ ಕಡಿದಾದ ಅಂಚು.

ಅದಕ್ಕೂ ಮೊದಲು ಇದೆಲ್ಲ ಯಾರ ಕೆಲಸ ಅಂತ ಒಂದ್ಸಲ ನೋಡ್ಬಿಡೋಣ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲೆಯಲ್ಲಿ ಡಿಸಿನೇ ಯಜಮಾನ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ರಸ್ತೆ ಬಂದ್ ಮಾಡ್ಸೋದು, ಶಾಲೆಯನ್ನ ಕಾಳಜಿ ಕೇಂದ್ರ (ಜಾಗ ಬಿಟ್ಟು ಬಂದವರಿಗೆ ಊಟ, ವಸತಿ ಕೊಡೋ ಕಡೆ) ಮಾಡೋದು, ಯಾರದೋ ಜೆಸಿಬಿ ತರಿಸ್ಕೊಳ್ಳೋದು ಎಲ್ಲಕ್ಕೂ ಅವರಿಗೆ ಅಧಿಕಾರ ಇದೆ. ಅವರ ಕೈಕೆಳಗೆ ಅಗ್ನಿಶಾಮಕ ದಳ, ಪೊಲೀಸ್, ರಾಜ್ಯದ ವಿಪತ್ತು ಪಡೆ ಎಸ್‌ಡಿಆರ್‌ಎಫ್, ಗೃಹರಕ್ಷಕ ದಳ, ಪೌರರಕ್ಷಣೆ ಎಲ್ಲ ಬರುತ್ತೆ. ಪೌರರಕ್ಷಣೆ ಅನ್ನೋದು ಮೂಲತಃ ಯುದ್ಧಕಾಲಕ್ಕೆ ಅಂತ ಇದ್ದದ್ದು, ಸೈರನ್ ಆದ್ರೆ ಲೈಟ್ ಆಫ್ ಮಾಡ್ಸೋ ಕಾಲದ್ದು, ಕಾಯ್ದೆ 1968ರದ್ದು. 2009ರ ತಿದ್ದುಪಡಿಯಲ್ಲಿ ವಿಪತ್ತು ನಿರ್ವಹಣೆನೂ ಅದರ ಕೆಲಸ ಅಂತ ಸೇರಿಸಿದ್ರು. ಅದರ ಜೊತೆ ಊರಿನ ಯುವಕರಿಗೆ ತರಬೇತಿ ಕೊಡೋ ಆಪ್ದಾ ಮಿತ್ರ ಯೋಜನೆ ಇದೆ. ಕಾಗದದಲ್ಲಿ ಎಲ್ಲ ಚೆನ್ನಾಗಿದೆ. ಆದ್ರೆ ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಬಂದು ಬಾಗಿಲು ಬಡಿಯೋದು ಡಿಸಿ ಅಲ್ಲ, ಪಿಡಿಒ, ಗ್ರಾಮ ಲೆಕ್ಕಿಗ, ಆಶಾ ಕಾರ್ಯಕರ್ತೆ, ಲೈನ್‌ಮ್ಯಾನ್, ಪಂಚಾಯ್ತಿಯ ವಾಟರ್‌ಮ್ಯಾನ್. ಇಡೀ ವ್ಯವಸ್ಥೆಯ ಯೋಗ್ಯತೆ ಈ ಐದಾರು ಜನರ ಹತ್ರ ಸರಿಯಾದ ಪಟ್ಟಿ ಇದೆಯಾ, ಗಾಡಿ ಇದೆಯಾ, ಅವರ ಮಾತು ಜನ ಕೇಳ್ತಾರಾ ಅನ್ನೋದ್ರಲ್ಲಿ ಗೊತ್ತಾಗುತ್ತೆ.

ಮೊದಲು ನದಿ. ಕೃಷ್ಣಾ ನದಿಯ ನೆರೆ ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಹೊಸದೇನಲ್ಲ. ಮಳೆ ಬೀಳೋದು ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ, ಮಹಾಬಳೇಶ್ವರ, ಕೊಯ್ನಾ ಕಡೆ. ಅದು ಕರಾಡ, ಸಾಂಗ್ಲಿ ದಾಟಿ ಚಿಕ್ಕೋಡಿ ಭಾಗಕ್ಕೆ ಬರೋಕೆ ಟೈಮ್ ಬೇಕು, ಅಲ್ಲಿಂದ ಆಲಮಟ್ಟಿಗೆ ಇನ್ನೂ ಟೈಮ್ ಬೇಕು. ಎಷ್ಟೋ ಸಲ ನಮ್ಮಲ್ಲಿ ಬಿಸಿಲು ಹೊಡೀತಿರುತ್ತೆ, ಹೊಳೆ ಮಾತ್ರ ಏರ್ತಿರುತ್ತೆ. ಈ ಟೈಮೇ ಬಂಡವಾಳ. ಕೊಯ್ನಾದಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು ಅನ್ನೋ ಲೆಕ್ಕ) ಬಿಟ್ರು, ರಾಜಾಪುರ ಬ್ಯಾರೇಜಿಗೆ ಎಷ್ಟು ಬಂತು, ದೂಧಗಂಗಾ ವೇದಗಂಗಾ ಎಷ್ಟು ಸೇರಿಸಿದ್ವು, ಈ ಲೆಕ್ಕ ಕೈಗೆ ಸಿಕ್ರೆ ಕೆಳಗಿನ ಹಳ್ಳಿಗೆ ನಾಳೆಯೋ ನಾಡಿದ್ದೋ ನೀರು ಎಲ್ಲಿವರೆಗೆ ಬರುತ್ತೆ ಅಂತ ಸುಮಾರಾಗಿ ಹೇಳಬಹುದು. ಕೇಂದ್ರ ಜಲ ಆಯೋಗ ಇಂಥ ಮುನ್ಸೂಚನೆ ಕೊಡುತ್ತೆ, ಎರಡು ರಾಜ್ಯದ ನೀರಾವರಿ ಇಂಜಿನಿಯರ್‌ಗಳು ಫೋನ್‌ನಲ್ಲೇ ಮಾತಾಡ್ಕೊಂಡಿರ್ತಾರೆ. ರಾಜಕಾರಣಿಗಳು ಪರಸ್ಪರ ಬೈಕೊಂಡು ಓಡಾಡೋವಾಗ್ಲೂ ಈ ಇಂಜಿನಿಯರ್‌ಗಳ ಮಾತುಕತೆ ನಿಲ್ಲಬಾರದು, ನಿಂತ್ರೆ ಮುಳುಗೋದು ಕೆಳಗಿನವರು.

ಡ್ಯಾಮ್ ಇದೆಯಲ್ಲ, ನೆರೆ ಯಾಕೆ ಬರುತ್ತೆ ಅಂತ ತುಂಬಾ ಜನ ಕೇಳ್ತಾರೆ. ಡ್ಯಾಮ್‌ನಲ್ಲಿ ಜಾಗ ಖಾಲಿ ಇದ್ರೆ ಮಾತ್ರ ಅದು ನೆರೆ ತಡೆಯುತ್ತೆ. ಆದ್ರೆ ಡ್ಯಾಮ್ ಕಟ್ಟಿರೋದು ಬೇಸಿಗೆಗೆ ನೀರು ಉಳಿಸೋಕೆ, ಅಂದ್ರೆ ಬೇಗ ತುಂಬಿಸ್ಬೇಕು. ಎರಡೂ ಒಂದಕ್ಕೊಂದು ಉಲ್ಟಾ. ಜುಲೈ ಕೊನೆಗೇ ಪೂರ್ತಿ ತುಂಬಿಸಿಟ್ರೆ ಆಗಸ್ಟ್‌ನಲ್ಲಿ ದೊಡ್ಡ ಮಳೆ ಬಂದಾಗ ಬಂದಷ್ಟನ್ನೂ ಕೆಳಗೆ ಬಿಡಲೇಬೇಕು, ಖಾಲಿ ಇಟ್ಟು ಕೂತ್ರೆ ಮಳೆ ಕೈಕೊಟ್ಟ ವರ್ಷ ರೈತ ಸುಮ್ನಿರಲ್ಲ. ಅದಕ್ಕೇ ಯಾವ ತಿಂಗಳು ಎಷ್ಟು ಮಟ್ಟ ಇರಬೇಕು ಅಂತ ಒಂದು ನಿಯಮ ಮಾಡಿರ್ತಾರೆ, ಅದನ್ನ ಪಾಲಿಸೋದೇ ಕಷ್ಟ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಹೊರಗೆ ಬಿಟ್ಟದ್ದು 5 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ, ಅಷ್ಟು ನೀರನ್ನ ಯಾವ ಗೇಟ್ ಮ್ಯಾನೇಜ್‌ಮೆಂಟೂ ಮಾಯ ಮಾಡಲ್ಲ. ಅಲ್ಲಿ ಉಳಿಯೋ ದಾರಿ ಒಂದೇ, ಜನ ಜಾಗ ಬಿಡಬೇಕು.

ಬಿಡ್ತಾರಾ? ತಹಶೀಲ್ದಾರ್ ಡಂಗುರ ಸಾರಿಸ್ತಾರೆ, ಆಟೋಗೆ ಮೈಕ್ ಕಟ್ಟಿಸಿ ಕೂಗಿಸ್ತಾರೆ, ಆದ್ರೂ ಒಂದಷ್ಟು ಮನೆಯವರು ಅಲ್ಲಾಡಲ್ಲ. ಇವರಿಗೆ ಬುದ್ಧಿ ಇಲ್ಲ ಅಂತ ಊರ ಹೊರಗಿನವರು ಬೈತಾರೆ. ಕಾರಣ ಬೇರೆ ಇರುತ್ತೆ. ದನ, ಎಮ್ಮೆ, ಆಡು ಬಿಟ್ಟು ಹೋಗೋದು ಹೇಗೆ? ಒಂದು ಎಮ್ಮೆ ಅಂದ್ರೆ ಆ ಮನೆಯ ವರ್ಷದ ಸಂಪಾದನೆ. ಲಿಂಗಸುಗೂರು ತಾಲೂಕಿನ ಕೃಷ್ಣಾ ನಡುಗಡ್ಡೆಗಳಲ್ಲಿ ಇರೋ ಕುಟುಂಬಗಳು ನೀರು ಸುತ್ತುವರಿದ್ರೂ ಅಲ್ಲೇ ಇರೋಕೆ ಇದೂ ಒಂದು ಕಾರಣ. ಹಾಗಾಗಿ ಕಾಳಜಿ ಕೇಂದ್ರದ ಪಕ್ಕದಲ್ಲಿ ದನ ಕಟ್ಟೋಕೆ ಜಾಗ, ಮೇವು, ಒಬ್ಬ ಪಶುವೈದ್ಯ ಇಟ್ರೆ ಜನ ತಾವಾಗೇ ಬರ್ತಾರೆ. ಮೇವಿನ ಗಾಡಿ ಒಂದು ಮುಂಚೆ ಹೋದ್ರೆ ಆಮೇಲೆ ಹೆಲಿಕಾಪ್ಟರ್ ಕಳಿಸೋದು ಎಷ್ಟೋ ತಪ್ಪುತ್ತೆ. ನಂಗೆ ಕೇಳಿದ್ರೆ ಇದು ನೆರೆ ರಕ್ಷಣೆಯಲ್ಲಿ ಅತಿ ಅಗ್ಗದ, ಅತಿ ಕಡಿಮೆ ಮಾತಾಡೋ ವಿಷಯ. ಇನ್ನು ಕಳ್ಳತನದ ಭಯ ಇದೆ, ಖಾಲಿ ಬಿಟ್ಟ ಓಣಿಯಲ್ಲಿ ರಾತ್ರಿ ಪೊಲೀಸ್ ಬೀಟ್ ಹಾಕ್ತೀವಿ ಅಂತ ಹೇಳಿ ನಿಜವಾಗ್ಲೂ ಹಾಕಿದ್ರೆ ಗಂಡಸರು ಮನೆ ಕಾಯ್ಕೊಂಡು ಉಳ್ಕೊಳ್ಳೋದು ಕಡಿಮೆ ಆಗುತ್ತೆ. ಹೆಣ್ಮಕ್ಕಳಿಗೆ ಬೇರೆ ಟಾಯ್ಲೆಟ್ ಇದೆಯಾ, ಬಿಸಿ ಊಟ ಇದೆಯಾ, ಇದೂ ಅಷ್ಟೇ ಮುಖ್ಯ. ಹಳೇ ಗಂಜಿ ಕೇಂದ್ರದ ಕೆಟ್ಟ ನೆನಪು ಇರೋರು ಹೊಸ ಹೆಸರು ಕೇಳಿ ಎದ್ದು ಬರಲ್ಲ.

ನೆರೆಯಲ್ಲಿ ಸಾಯೋರೆಲ್ಲ ಮನೆಯೊಳಗೆ ಮುಳುಗಿ ಸಾಯಲ್ಲ, ಎಷ್ಟೋ ಜನ ಹೋಗೋದು ದಾಟೋಕೆ ಹೋಗಿ. ಮುಳುಗಿದ ಸೇತುವೆ ಮೇಲೆ ಬೈಕ್, ಹಳ್ಳದಲ್ಲಿ ಟ್ರ್ಯಾಕ್ಟರ್. ರಭಸವಾಗಿ ಹರಿಯೋ ನೀರು 15 ಸೆಂ.ಮೀ. ಇದ್ರೂ ದೊಡ್ಡವರ ಕಾಲು ತಪ್ಪಿಸುತ್ತೆ, 60 ಸೆಂ.ಮೀ. ಇದ್ರೆ ಕಾರನ್ನೇ ಎತ್ಕೊಂಡು ಹೋಗುತ್ತೆ. ಇದಕ್ಕೆ ಬೇಕಾದ ರಕ್ಷಣೆ ಅಂದ್ರೆ ಸೇತುವೆಯ ಎರಡೂ ಕಡೆ ಬ್ಯಾರಿಕೇಡ್, ಒಬ್ಬ ಗೃಹರಕ್ಷಕ, ಅವನಿಗೆ ಒಂದು ರೈನ್‌ಕೋಟು. ಟಿವಿಯಲ್ಲಿ ಬರಲ್ಲ ಅಷ್ಟೇ.

ಇನ್ನು ಬೆಟ್ಟ. ಇಲ್ಲಿ ಲೆಕ್ಕ ಪೂರ್ತಿ ಬೇರೆ. ಘಟ್ಟದ ಕಲ್ಲು ಲಕ್ಷಾಂತರ ವರ್ಷದಿಂದ ಕೊಳೆತು ದಪ್ಪ ಮಣ್ಣಾಗಿದೆ, ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ಕರಾವಳಿಯವರು ಶೇಡಿ ಮಣ್ಣು ಅನ್ನೋ ನುಣುಪು ಪದರ, ಒಣಗಿದ್ದಾಗ ಗಟ್ಟಿ, ನೀರು ಕುಡಿದ್ರೆ ಕರಗಿ ಜಾರೋ ಥರದ್ದು. ಮಳೆ ಇಂಗ್ತಾ ಹೋದ ಹಾಗೆ ಮಣ್ಣಿನ ಕಣಗಳ ಮಧ್ಯೆ ನೀರು ತುಂಬಿ ಒತ್ತಡ ಜಾಸ್ತಿ ಆಗುತ್ತೆ, ಕಣಕ್ಕೆ ಕಣ ಹಿಡ್ಕೊಂಡಿದ್ದ ಹಿಡಿತ ಸಡಿಲ ಆಗುತ್ತೆ, ಮೇಲಿನ ಭಾರನೂ ಏರಿರುತ್ತೆ, ಒಂದು ಹಂತ ದಾಟಿದ್ರೆ ಇಡೀ ಇಳಿಜಾರು ಮರ ತೋಟ ಸಮೇತ ಒಮ್ಮೆಗೇ ಹೊರಡುತ್ತೆ. ಅದಕ್ಕೇ ಮಳೆ ಎಷ್ಟು ಜೋರು ಅನ್ನೋದು ಅರ್ಧ ವಿಷಯ, ಅದಕ್ಕೂ ಮುಂಚೆ ಎಷ್ಟು ದಿನದಿಂದ ಮಣ್ಣು ನೆಂದಿದೆ ಅನ್ನೋದು ಇನ್ನರ್ಧ. 2018ರಲ್ಲಿ ಕೊಡಗಲ್ಲಿ ಆದದ್ದು ಇದೇ. ಜೂನ್‌ನಿಂದ ಬಿಡದೆ ಸುರಿದು ನೆಲ ನೀರು ಕುಡಿದು ಕೂತಿತ್ತು, ಆಗಸ್ಟ್ ಮಧ್ಯದಲ್ಲಿ ಮತ್ತೆ ವಿಪರೀತ ಮಳೆ ಬಂತು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ, ಒಂದಾದ ಮೇಲೆ ಒಂದು ಊರಲ್ಲಿ ಬರೆ (ಗುಡ್ಡದ ಇಳಿಜಾರು) ಕುಸೀತು. ಮನೆ ಕಟ್ಟೋಕೆ, ರಸ್ತೆ ಮಾಡೋಕೆ ಇಳಿಜಾರು ಕಡಿದದ್ದು, ನೀರು ಹರಿಯೋ ಸಹಜ ದಾರಿ ಮುಚ್ಚಿದ್ದು ಎಲ್ಲ ಸೇರ್ಕೊಂಡಿತ್ತು.

ಇಲ್ಲಿ ಸಿಗೋ ಟೈಮ್ ಗಂಟೆಗಳ ಲೆಕ್ಕದ್ದು, ಅದೂ ಮಳೆ ಅಳೆಯೋರು ಇದ್ರೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಅಂದ್ರೆ ನಮ್ಮಲ್ಲಿ ಶಾಲೆಗೆ ರಜೆ ಅನ್ನೋ ಅರ್ಥ ಬಂದ್ಬಿಟ್ಟಿದೆ, ಮಕ್ಕಳಂತೂ ಡಿಸಿ ಆರ್ಡರ್‌ಗೆ ಕಾಯ್ತಿರ್ತಾರೆ! ನಿಜದಲ್ಲಿ ಅದು 24 ಗಂಟೆಯಲ್ಲಿ 204.5 ಮಿ.ಮೀ.ಗಿಂತ ಹೆಚ್ಚು ಮಳೆ ಆಗೋ ಸಂಭವ ಇರೋವಾಗ ಕೊಡೋ ಎಚ್ಚರಿಕೆ. ಆದ್ರೆ ಅದು ಇಡೀ ಜಿಲ್ಲೆಗೆ. ಯಾವ ಗುಡ್ಡ, ಯಾವ ಮನೆ ಅಂತ ಅದು ಹೇಳಲ್ಲ, ಘಟ್ಟದಲ್ಲಿ ಒಂದು ಕಣಿವೆಗೂ ಪಕ್ಕದ ಕಣಿವೆಗೂ ಮಳೆ ಎರಡು ಪಟ್ಟು ವ್ಯತ್ಯಾಸ ಇರಬಹುದು. ಈ ವಿಷಯದಲ್ಲಿ ಕರ್ನಾಟಕದ ಹತ್ರ ಒಂದು ಒಳ್ಳೇ ಆಸ್ತಿ ಇದೆ. ಬೆಂಗಳೂರಿನ ಯಲಹಂಕದಲ್ಲಿರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರ ನೋಡ್ಕೊಳ್ಳೋಕೆ ಅಂತ ಶುರುವಾದದ್ದು, ಈಗ ಹೆಚ್ಚುಕಮ್ಮಿ ಪ್ರತಿ ಗ್ರಾಮ ಪಂಚಾಯ್ತಿಗೂ ಒಂದು ಮಳೆಮಾಪಕ, ರಾಜ್ಯಾದ್ಯಂತ 6 ಸಾವಿರಕ್ಕೂ ಹೆಚ್ಚು, ಅವು ತಾವಾಗೇ ಡೇಟಾ ಕಳಿಸ್ತವೆ. ಬೇರೆ ಎಷ್ಟೋ ರಾಜ್ಯಕ್ಕೆ ಈ ಭಾಗ್ಯ ಇಲ್ಲ. ಈ ಡೇಟಾ ಬೆಂಗಳೂರಿಗೆ ಹೋಗಿ ವಾಪಸ್ ಆ ಗುಡ್ಡದ ಮನೆಗೆ ಬರೋ ದಾರಿ ಎಷ್ಟು ಚುರುಕಾಗಿದೆ ಅನ್ನೋದ್ರ ಮೇಲೆ ಎಲ್ಲ ನಿಂತಿದೆ.

ಕೇರಳದ ವಯನಾಡು ನೋಡಿ. 2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ವೆಳ್ಳರಿಮಲೆಯ ಮೇಲ್ಭಾಗ ಕುಸಿದು ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಮೇಲೆ ಬಂತು, ಸತ್ತವರು 250ಕ್ಕೂ ಹೆಚ್ಚು, ಅಲ್ಲಿ ಕೆಲಸಕ್ಕೆ ಹೋಗಿ ನೆಲೆಸಿದ್ದ ನಮ್ಮ ಮಂಡ್ಯ, ಚಾಮರಾಜನಗರ ಕಡೆಯವರೂ ಅದರಲ್ಲಿ ಇದ್ರು. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಸಂಸ್ಥೆ ಇದೆ, ಜಿಲ್ಲೆಯ ತುಂಬಾ ಸ್ಥಳೀಯರ ಸಹಾಯದಿಂದ 200ರಷ್ಟು ಕಡೆ ಮಳೆ ಅಳೆಯುತ್ತೆ. ಹತ್ತಿರದ ಮಾಪಕದಲ್ಲಿ 48 ಗಂಟೆಗೆ 572 ಮಿ.ಮೀ. ದಾಖಲಾಗಿತ್ತು. ಅಪಾಯ ಇದೆ ಅಂತ ಅವರು ಮುಂಚಿನ ದಿನವೇ ಜಿಲ್ಲಾಡಳಿತಕ್ಕೆ ತಿಳಿಸಿದ್ರು, ಸುಮಾರು 16 ಗಂಟೆ ಮುಂಚೆ. ಅಂದ್ರೆ ವಿಜ್ಞಾನ ಕೈಕೊಡ್ಲಿಲ್ಲ. ಹದಿನಾರು ಗಂಟೆ ಇತ್ತು, ಆದ್ರೆ ಆ ಸಂದೇಶ ಇಡೀ ಕಣಿವೆಯನ್ನ ಖಾಲಿ ಮಾಡಿಸೋ ಆದೇಶ ಆಗ್ಲಿಲ್ಲ. ಇದಕ್ಕೆ ಒಬ್ಬರನ್ನ ತೋರಿಸಿ ಬೈಯೋದು ಸುಲಭ, ನಿಜವಾದ ತೊಡಕು ಏನಂದ್ರೆ ಇಷ್ಟು ಮಿ.ಮೀ. ದಾಟಿದ್ರೆ ಇಂಥ ವಾರ್ಡ್ ಖಾಲಿ, ಯಾರನ್ನೂ ಕೇಳಬೇಕಾಗಿಲ್ಲ ಅನ್ನೋ ನಿಯಮ ಮೊದಲೇ ಬರೆದಿಟ್ಟಿರ್ಬೇಕು. ಆ ಹೊತ್ತಲ್ಲಿ ಕೂತು ಯೋಚನೆ ಮಾಡೋ ಅಧಿಕಾರಿ ಯಾರೇ ಆಗ್ಲಿ ಹಿಂಜರೀತಾರೆ, ಸಾವಿರಾರು ಜನರನ್ನ ಎಬ್ಬಿಸಿ ಏನೂ ಆಗದೇ ಇದ್ರೆ ಅಂತ. ಇನ್ನೊಂದು, ಅಲ್ಲಿ ಸತ್ತ ಎಷ್ಟೋ ಜನರ ಮನೆ ಇಳಿಜಾರಲ್ಲೇ ಇರ್ಲಿಲ್ಲ. ಕುಸಿದ ಜಾಗದಿಂದ ಕಲ್ಲು ಮಣ್ಣು ಮರ ಹೊಳೆ ಪಾತ್ರದಲ್ಲಿ 8 ಕಿ.ಮೀ.ವರೆಗೆ ಹರಿದು ಬಂತು. ನಮ್ಮ ಹಿಂದೆ ಗುಡ್ಡ ಇಲ್ಲ, ನಮಗೇನು ಅನ್ನೋ ಹಾಗಿಲ್ಲ, ಹೊಳೆಯ ಮೇಲ್ಭಾಗದಲ್ಲಿ ಏನಿದೆ ಅಂತ ನೋಡ್ಬೇಕು.

ಏನೂ ಆಗದೇ ಇದ್ರೆ ಅನ್ನೋ ಭಯ ಜನರ ಕಡೆಯಿಂದ್ಲೂ ಇದೆ. ಮೂರು ಸಲ ಎಬ್ಬಿಸಿ ಕಳಿಸಿ ಮೂರೂ ಸಲ ಗುಡ್ಡ ಅಲ್ಲೇ ನಿಂತಿದ್ರೆ ನಾಲ್ಕನೇ ಸಲ ಯಾರೂ ಏಳಲ್ಲ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಆದ್ರೆ ಮೊದಲೇ ಹೇಳಿದ್ರೆ ನಡೆಯುತ್ತೆ: ಹತ್ತು ಸಲ ಕರೆದ್ರೆ ಒಂಬತ್ತು ಸಲ ಏನೂ ಆಗ್ದೇ ಇರಬಹುದು, ಹತ್ತನೇದಕ್ಕೋಸ್ಕರ ಬನ್ನಿ ಅಂತ. ಒಡಿಶಾ ಹೀಗೇ ಕಲಿತದ್ದು. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಹೋದ್ರು. ಆಮೇಲೆ ಆಶ್ರಯ ಕಟ್ಟಡ ಕಟ್ಟಿ, ಊರೂರಲ್ಲಿ ಅಣಕು ಕಾರ್ಯಾಚರಣೆ ಮಾಡಿ, 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನ ಮುಂಚೆನೇ ಸಾಗಿಸಿದ್ರು, ಸತ್ತವರು 50ಕ್ಕೂ ಕಡಿಮೆ. ಚಂಡಮಾರುತ ದಿನಗಟ್ಟಲೆ ಮುಂಚೆ ಕಾಣುತ್ತೆ, ಗುಡ್ಡ ಹಾಗಲ್ಲ, ನಿಜ. ಎದ್ದು ಹೋಗೋ ಅಭ್ಯಾಸ ಮಾತ್ರ ಎರಡಕ್ಕೂ ಒಂದೇ.

ಸಂದೇಶ ಮುಟ್ಟಿಸೋದು ಹೇಗೆ? 2023ರಲ್ಲಿ ಎಲ್ಲರ ಮೊಬೈಲೂ ಒಮ್ಮೆಗೇ ಕಿರ್ ಅಂತ ಕೂಗಿ ಪರೀಕ್ಷಾ ಸಂದೇಶ ಬಂದದ್ದು ನೆನಪಿರ್ಬೇಕು, ಸೆಲ್ ಬ್ರಾಡ್‌ಕಾಸ್ಟ್ ಅದು, ನಂಬರ್ ಬೇಕಾಗಿಲ್ಲ, ಒಂದು ಟವರ್ ವ್ಯಾಪ್ತಿಯ ಎಲ್ಲ ಫೋನಿಗೂ ಹೋಗುತ್ತೆ. ಒಳ್ಳೇದೇ. ಆದ್ರೆ ಘಟ್ಟದಲ್ಲಿ ಜೋರು ಗಾಳಿಮಳೆ ಬಂದ್ರೆ ಮೊದಲು ಹೋಗೋದು ಕರೆಂಟು, ಎರಡನೇದು ಟವರ್. ಹಾಗಾಗಿ ಮೊಬೈಲ್ ನಂಬ್ಕೊಂಡ ಊರು ಸರಿಯಾದ ಹೊತ್ತಲ್ಲೇ ಕಿವುಡಾಗುತ್ತೆ. ದೇವಸ್ಥಾನ, ಮಸೀದಿ, ಚರ್ಚಿನ ಮೈಕು ಬ್ಯಾಟರಿ ಮೇಲೆ ನಡೆಯೋ ಹಾಗಿರ್ಬೇಕು, ವೈರ್‌ಲೆಸ್ ಇರೋ ಒಬ್ಬ ಹೋಂಗಾರ್ಡ್ ಬೇಕು, ಹಾಸಿಗೆ ಹಿಡಿದವರು, ಬಸುರಿ ಬಾಣಂತಿಯರು ಯಾವ ಮನೆಯಲ್ಲಿದ್ದಾರೆ ಅನ್ನೋ ಪಟ್ಟಿ ಬೇಕು. ಆಶಾ ಕಾರ್ಯಕರ್ತೆ ಹತ್ರ ಈ ಮಾಹಿತಿ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಕೇಳೋರು ಇಲ್ಲ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕಾರ್ಮಿಕರಿದ್ರೆ ಕನ್ನಡದ ಮೈಕ್ ಅವರಿಗೆ ಅರ್ಥನೇ ಆಗಲ್ಲ. ಮತ್ತೆ, ಖಾಲಿ ಮಾಡಿಸೋದಿದ್ರೆ ಸಂಜೆ ಬೆಳಕಿರೋವಾಗ್ಲೇ ಮಾಡಿಸ್ಬೇಕು, ಕತ್ತಲಲ್ಲಿ ಕುಸಿಯೋ ದಾರಿ ಮೇಲೆ ನಡೆಸೋದು ಇನ್ನೊಂದು ಅಪಾಯ.

ಸರ್ಕಾರಕ್ಕಿಂತ ಮೊದಲು ಗುಡ್ಡವೇ ಕೆಲವು ಸಲ ಹೇಳುತ್ತೆ. ಹೊಸದಾಗಿ ನೆಲದಲ್ಲಿ, ಗೋಡೆಯಲ್ಲಿ ಬಿರುಕು, ಇದ್ದಕ್ಕಿದ್ದ ಹಾಗೆ ಬಾಗಿಲು ಚೌಕಟ್ಟಿಗೆ ಸಿಕ್ಕಾಕ್ಕೊಳ್ಳೋದು, ನೆಟ್ಟಗಿದ್ದ ಮರ, ಕಂಬ ವಾಲೋದು, ಇಲ್ಲದ ಕಡೆ ನೀರು ಚಿಮ್ಮೋದು (ಕೊಡಗು, ಸಂಪಾಜೆ ಕಡೆಯವರು ಜಲಸ್ಫೋಟ ಅಂತಾರಲ್ಲ, ಅದು), ತಿಳಿ ಊಟೆ (ನೆಲದಿಂದ ಒಸರೋ ನೀರು) ಕೆಸರಾಗೋದು. ಇದೆಲ್ಲಕ್ಕಿಂತ ಮೋಸದ್ದು ಜೋರು ಮಳೆ ಇದ್ದೂ ಹೊಳೆಯಲ್ಲಿ ನೀರು ದಿಢೀರ್ ಇಳಿಯೋದು. ಸದ್ಯ ಕಡಿಮೆ ಆಯ್ತು ಅಂತ ಸಮಾಧಾನ ಪಡ್ಕೋಬಾರ್ದು, ಮೇಲೆ ಎಲ್ಲೋ ಮಣ್ಣು ಬಿದ್ದು ಕಟ್ಟೆ ಕಟ್ಕೊಂಡಿರುತ್ತೆ, ಅದು ಒಡೆದ್ರೆ ಎಲ್ಲ ಒಟ್ಟಿಗೆ ಬರುತ್ತೆ. ಇವುಗಳಲ್ಲಿ ಒಂದು ಕಂಡ್ರೂ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾ ನಿಲ್ಲದೆ ಮನೆಯವರನ್ನ ಕರ್ಕೊಂಡು ಹೊರಡಬೇಕು. ಹೋಗೋದು ಕಣಿವೆ ಉದ್ದಕ್ಕೆ ಕೆಳಗಲ್ಲ, ಅಡ್ಡಕ್ಕೆ, ಹರಿವಿನ ದಾರಿಯಿಂದ ಪಕ್ಕಕ್ಕೆ. ಆಮೇಲೆ 112ಕ್ಕೋ ಪಂಚಾಯ್ತಿಗೋ ಫೋನ್.

ಮೂರನೇದು, ಟೈಮೇ ಕೊಡದ ಧರೆ. ಶಿರೂರಲ್ಲಿ ರಾಷ್ಟ್ರೀಯ ಹೆದ್ದಾರಿ 66 ಅಗಲ ಮಾಡೋಕೆ ಗುಡ್ಡದ ಬುಡ ನೆಟ್ಟಗೆ ಕಡಿದಿದ್ರು, ಕೆಳಗೆ ಚಹಾ ಅಂಗಡಿ, ನಿಂತ ಲಾರಿಗಳು, ಆಚೆ ಗಂಗಾವಳಿ ನದಿ. ಬಿದ್ದ ಮಣ್ಣು ನದಿಗೆ ಹೋಗಿ ಎದ್ದ ಅಲೆ ಆಚೆ ದಡದ ಉಳುವರೆ ಊರಿನ ಮನೆಗಳನ್ನೂ ಕೆಡವ್ತು. ಇಂಥ ಕಡೆ ಮಳೆಮಾಪಕ, ಮೈಕ್ ಎಲ್ಲ ಕೊನೆಯ ಮಾತು, ಮೊದಲನೇದು ಕಡಿಯೋ ಕೋನ, ನೀರು ಬಸಿಯೋ ಪೈಪು, ಮೆಟ್ಟಿಲು ಮೆಟ್ಟಿಲಾಗಿ ಕಡಿಯೋದು, ಧರೆ ಕೆಳಗೆ ಗಾಡಿ ನಿಲ್ಸೋಕೆ ಬಿಡದೇ ಇರೋದು.

ಹಾಂಗ್‌ಕಾಂಗ್ ಇದನ್ನ ಹೇಗೆ ಮಾಡ್ತು ಅನ್ನೋದು ನಮ್ಮ ಲೋಕೋಪಯೋಗಿ ಇಲಾಖೆಯವರು ಓದ್ಲೇಬೇಕು. 1972ರ ಜೂನ್ 18, ಒಂದೇ ದಿನ ಎರಡು ಕಡೆ ಇಳಿಜಾರು ಕುಸಿದು 138 ಜನ ಸತ್ರು. 1976ರಲ್ಲಿ ಮತ್ತೆ ಆಯ್ತು. 1977ರಲ್ಲಿ ಇಳಿಜಾರಿಗೆ ಅಂತಲೇ ಒಂದು ಸರ್ಕಾರಿ ಕಚೇರಿ ಮಾಡಿದ್ರು. ಮನುಷ್ಯ ಕಡಿದ ಪ್ರತಿ ಇಳಿಜಾರಿಗೂ ನಂಬರ್, ಸುಮಾರು 60 ಸಾವಿರ, ಆ ಜಾಗದಲ್ಲೇ ನಂಬರ್ ಪ್ಲೇಟ್ ಹೊಡೆದಿರ್ತಾರೆ, ಅದನ್ನ ನೋಡ್ಕೊಳ್ಳೋದು ಯಾರ ಜವಾಬ್ದಾರಿ ಅಂತ ಯಾರು ಬೇಕಾದ್ರೂ ಹುಡುಕಬಹುದು. ಅಪಾಯ ಜಾಸ್ತಿ ಇರೋದನ್ನ ಮೊದಲು ಭದ್ರ ಮಾಡ್ತಾ ಬಂದ್ರು. ಮಳೆ ಮಿತಿ ಮೀರಿದ್ರೆ ಭೂಕುಸಿತದ ಎಚ್ಚರಿಕೆ ಬೇರೆಯಾಗೇ ಬರುತ್ತೆ. ಆ ಪುಟ್ಟ ಗುಡ್ಡಗಾಡು ನಗರದಲ್ಲಿ ಮಳೆ ಏನೂ ಕಡಿಮೆ ಆಗಿಲ್ಲ, ಜನ ಹೆಚ್ಚಾದ್ರು, ಸಾವು ಮಾತ್ರ ತುಂಬಾ ಇಳೀತು. ನಮ್ಮ ಚಾರ್ಮಾಡಿ, ಶಿರಾಡಿ, ಸಂಪಾಜೆ, ಆಗುಂಬೆಯ ಧರೆಗಳಿಗೆ ನಂಬರ್ ಹಾಕೋಕೆ ರಾಕೆಟ್ ವಿಜ್ಞಾನ ಬೇಡ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕುಸಿತದ ಸಾಧ್ಯತೆಯ ನಕ್ಷೆ ಮಾಡಿ ಕೊಟ್ಟಿದೆ, ಕೋಲ್ಕತ್ತಾದಲ್ಲಿ ಅವರ ಮುನ್ಸೂಚನಾ ಕೇಂದ್ರ 2024ರ ಜುಲೈ 19ಕ್ಕೆ ಉದ್ಘಾಟನೆ ಆಯ್ತು, ಶಿರೂರಾದ ಮೂರೇ ದಿನಕ್ಕೆ. ನಕ್ಷೆ ಇದೆ, ನಕ್ಷೆ ನೋಡಿ ಕಟ್ಟಡದ ಲೈಸೆನ್ಸ್ ಕೊಡೋದು, ನಿರಾಕರಿಸೋದು ಇನ್ನೂ ಅಭ್ಯಾಸ ಆಗಿಲ್ಲ.

ಅಲ್ಲಿಯವರೆಗೆ ಇರೋ ದಾರಿ ರಸ್ತೆ ಮುಚ್ಚೋದು. 2024ರ ಅದೇ ಜುಲೈನಲ್ಲಿ ಮದೆನಾಡು ಹತ್ರ ಕರ್ತೋಜಿಯಲ್ಲಿ ಗುಡ್ಡ ಜರಿಯೋ ಲಕ್ಷಣ ಕಂಡಾಗ ಮಡಿಕೇರಿ–ಸಂಪಾಜೆ ಹೆದ್ದಾರಿಯಲ್ಲಿ ಕೆಲವು ದಿನ ರಾತ್ರಿ ಸಂಚಾರ ನಿಲ್ಸಿದ್ರು. ಬಸ್ಸಲ್ಲಿ ಹೋಗೋರಿಗೆ ಸಿಟ್ಟು ಬಂತು, ವ್ಯಾಪಾರಿಗಳಿಗೆ ನಷ್ಟ. ನಾನಂತೂ ಅದು ಸರಿಯಾದ ತೀರ್ಮಾನ ಅಂತೀನಿ.

ಹಾಗಂತ ಆಮೇಲಿನ ರಕ್ಷಣಾ ಕಾರ್ಯ ಬೇಡ ಅಂತಲ್ಲ. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿ ಆಚೆ ಕಡೆಯವರು ಸಿಕ್ಕಿಬಿದ್ದಾಗ ಸೇನೆಯ, ಬೆಂಗಳೂರು ಮೂಲದ ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರು ಆಗಸ್ಟ್ 1ರ ಸಂಜೆ ಹೊತ್ತಿಗೆ 190 ಅಡಿಯ ಬೈಲಿ ಸೇತುವೆ (ಬಿಡಿಭಾಗ ಜೋಡಿಸಿ ಬೇಗ ಹಾಕೋ ಸೇತುವೆ) ಹಾಕಿ ಮುಗಿಸಿದ್ರು, ಅದಾದ ಮೇಲೇ ದೊಡ್ಡ ಯಂತ್ರಗಳು, ಆಂಬುಲೆನ್ಸ್ ಸರಾಗವಾಗಿ ದಾಟಿದ್ದು. ಆದ್ರೆ ಅಲ್ಲೂ ಒಂದು ಪಾಠ ಇದೆ, ಮೊದಲ ಕುಸಿತ ಆಗಿ ಕೆಲವು ಗಂಟೆಗೆ ಮತ್ತೊಂದು ಬಂತು. ಮೊದಲನೇದು ಆದ ಕೂಡಲೇ ಊರಿನ ಹುಡುಗರು ಸಹಾಯಕ್ಕೆ ಓಡ್ತಾರೆ, ಅದು ಸಹಜ, ಮೇಲೆ ಒಬ್ಬರು ನಿಂತು ಗುಡ್ಡ ನೋಡ್ತಾ ಸೀಟಿ ಹೊಡೆಯೋಕೆ ಇಲ್ದಿದ್ರೆ ಎರಡನೇದು ಅವರನ್ನೇ ತಗೊಂಡು ಹೋಗುತ್ತೆ.

ಕೊನೆಗೆ ಉಳಿಯೋ ಪ್ರಶ್ನೆ ವಾಪಸ್ ಹೋಗೋದು. ಮಳೆ ನಿಂತು ಎರಡು ದಿನ ಬಿಸಿಲು ಬಂದ್ರೆ ಕಾಳಜಿ ಕೇಂದ್ರ ಮುಚ್ತಾರೆ, ಆದ್ರೆ ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿದಿರಲ್ಲ. 2018ರಲ್ಲಿ ಮನೆ ಕಳ್ಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರು ಕಡೆ ಹೊಸ ಮನೆ ಸಿಕ್ತು. ಮನೆ ಬೀಳದೆ ಬಿರುಕು ಮಾತ್ರ ಬಿಟ್ಟವರ ಕಥೆ ಬೇರೆ. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಂಥ ಇಳಿಜಾರಿನ ಬಡಾವಣೆಗಳಲ್ಲಿ ಮಳೆಗಾಲ ಬಂತಂದ್ರೆ ಸುರಕ್ಷಿತ ಜಾಗಕ್ಕೆ ಹೋಗಿ ಅಂತ ನೋಟಿಸ್ ಬರುತ್ತೆ. ಎಲ್ಲಿಗೆ ಹೋಗೋದು, ಬಾಡಿಗೆ ಯಾರು ಕೊಡೋದು, ಕೂಲಿಗೆ ಅಲ್ಲಿಂದ ಬರೋದು ಹೇಗೆ, ಮಕ್ಕಳ ಶಾಲೆ ಏನು ಅನ್ನೋದಕ್ಕೆ ನೋಟಿಸಲ್ಲಿ ಜಾಗ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳ ಬಾಡಿಗೆ, ಅದೇ ಊರೊಳಗೆ ಒಂದು ಸಮತಟ್ಟಾದ ಜಾಗದಲ್ಲಿ. ಆ ಮನೆಗಳ ಮಟ್ಟಿಗೆ ಪೌರರಕ್ಷಣೆ ಅಂದ್ರೆ ಇಷ್ಟೇ, ಇದಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಬೇಕು.